ಮೀನಿನ ಗುರುತು

ಮೀನನ್ನು ಬಾಯಲ್ಲಿಟ್ಟವನಲ್ಲ ನಾನು. ನಮ್ಮ ಮನೆಯಲ್ಲಿ ಅದರ ಹೆಸರು ಬರುತ್ತಿದ್ದುದು ಎರಡೇ ಸಂದರ್ಭದಲ್ಲಿ: ಅಜ್ಜಿ ದಶಾವತಾರದ ಕಥೆ ಹೇಳುವಾಗ, ಮತ್ತು ಯುಗಾದಿಯ ದಿನ ಪಂಚಾಂಗದಲ್ಲಿ ಮೀನರಾಶಿಯ ಫಲ ಓದುವಾಗ. ಇಂಥವನು ಒಂದು ಮೀನಿನ ಜಾತಿಯನ್ನು ಗೊತ್ತುಮಾಡಲು ಮೂರು ತಿಂಗಳು ಹೆಣಗಿದ, ಅದರ ದಿನಚರಿಯನ್ನು ತನ್ನ ದಿನಚರಿಗಿಂತ ಹೆಚ್ಚು ಶ್ರದ್ಧೆಯಿಂದ ತಿಳಿದುಕೊಂಡ ಎಂದರೆ ಓದುಗರು ನಗಬಹುದು. ನನ್ನ ಮನೆಯಾಕೆ ಆಗಲೇ ನಕ್ಕಾಗಿದೆ. "ತಿನ್ನದ ಮೀನಿನ ಕುಲಗೋತ್ರ ಕೇಳಿ ಏನು ಮಾಡುತ್ತೀರಿ? ಸಂಬಂಧ ಬೆಳೆಸುವುದಿದೆಯೇ?" ಎಂದು ಆಕೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಸಂಬಂಧವೇನೋ ಬೆಳೆಯಿತು. ಅದು ಯಾವ ಬಗೆಯ ಸಂಬಂಧವಾಯಿತೆಂಬುದನ್ನು ಹೇಳಿಬಿಟ್ಟರೆ ಮನಸ್ಸು ಸ್ವಲ್ಪ ಹಗುರಾದೀತೆಂದು ಬರೆಯಲು ಕುಳಿತಿದ್ದೇನೆ.

ಬ್ಯಾಂಕಿನ ಚಾಕರಿ ನನ್ನನ್ನು 1989ರಲ್ಲಿ ಹೊನ್ನಾವರಕ್ಕೆ ಒಯ್ದು ಹಾಕಿ, ನಾಲ್ಕು ವರ್ಷ ಅಲ್ಲಿಯೇ ಮರೆತಿತ್ತು. ಬಯಲುಸೀಮೆಯವನಾದ ನನಗೆ ಅಲ್ಲಿ ಮೊದಲು ದಿಗಿಲು ಹುಟ್ಟಿಸಿದ್ದು ಮಳೆ. ಆಮೇಲೆ ಹಿಡಿಸಿದ್ದು ನೀರು. ಸಂಜೆ ಲೆಕ್ಕ ಕೂಡಿಬಂದ ಮೇಲೆ ಶರಾವತಿ ಕಡಲನ್ನು ಸೇರುವ ಕಡೆಗೆ ನಡೆದುಹೋಗಿ ದಡದಲ್ಲಿ ಕೂಡುವುದು ರೂಢಿಯಾಯಿತು. ಪಕ್ಕದಲ್ಲಿ ಹುಡುಗರು ಗಾಳ ಹಾಕಿಕೊಂಡು ಕುಳಿತಿರುತ್ತಿದ್ದರು. ಒಮ್ಮೊಮ್ಮೆ ಅವರ ಗಾಳಕ್ಕೆ ಗೇಣುದ್ದವೂ ಇರದ ಬೆಳ್ಳಿಬಣ್ಣದ ಮರಿಮೀನು ಸಿಗುತ್ತಿತ್ತು. ಅದರ ಬೆನ್ನಿನಿಂದ ಹೊಟ್ಟೆಯ ಕಡೆಗೆ, ಯಾರೋ ಇದ್ದಿಲಿನಿಂದ ಗೀರು ಎಳೆದಂತೆ, ಐದಾರು ಕಪ್ಪು ಪಟ್ಟೆಗಳು. ಹುಡುಗರು ಅದನ್ನು ಚಿಕ್ಕದೆಂದು ನೀರಿಗೆ ಬಿಡುತ್ತಿದ್ದರೋ ಮನೆಗೆ ಒಯ್ಯುತ್ತಿದ್ದರೋ ನಾನು ಗಮನಿಸಲಿಲ್ಲ. ಪಟ್ಟೆ ಮಾತ್ರ ನೆನಪಿನಲ್ಲಿ ಉಳಿಯಿತು. ಅದನ್ನು ಇಲ್ಲಿ ಹೇಳಿಟ್ಟಿರುತ್ತೇನೆ, ಮುಂದೆ ಬೇಕಾಗುತ್ತದೆ.

ನಿವೃತ್ತನಾದ ಮರುವರ್ಷ, 2018ರ ಡಿಸೆಂಬರಿನಲ್ಲಿ, ಮಗಳು ಅಳಿಯ ನಮ್ಮಿಬ್ಬರನ್ನೂ ಮುರುಡೇಶ್ವರಕ್ಕೆ ಕರೆದೊಯ್ದರು. ದೇವರ ದರ್ಶನವೆಂಬುದು ನಮಗೆ ಹೇಳಿದ ನೆಪ. ಅಳಿಯಂದಿರ ಕಣ್ಣು ಇದ್ದುದು ನೇತ್ರಾಣಿಯ ಮೇಲೆ. ಮುರುಡೇಶ್ವರದಿಂದ ಕಡಲೊಳಗೆ ಸುಮಾರು 20 ಕಿಲೋಮೀಟರು ದೂರದಲ್ಲಿರುವ ಈ ಕಲ್ಲಿನ ನಡುಗಡ್ಡೆಯ ಸುತ್ತ ಹವಳದ ದಿಬ್ಬಗಳಿವೆ. ಹೋದವರ ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿ, ಬಾಯಿಗೆ ರಬ್ಬರಿನ ಕೊಳವೆ ತುರುಕಿ, ನೀರಿನಲ್ಲಿ ಮುಳುಗಿಸಿ ತೋರಿಸಿಕೊಂಡು ಬರುತ್ತಾರೆ. "ಮಾವ, ನೀವೂ ಬನ್ನಿ. ಈಜು ಬರಬೇಕೆಂದೇನೂ ಇಲ್ಲ, ಅವರೇ ಹಿಡಿದುಕೊಂಡಿರುತ್ತಾರೆ" ಎಂದರು ಅಳಿಯಂದಿರು. ಮನೆಯಾಕೆ, "ಪಿಂಚಣಿ ಬರಲು ಶುರುವಾಗಿ ಇನ್ನೂ ಎರಡು ವರ್ಷವಾಗಿಲ್ಲ, ನೆನಪಿರಲಿ" ಎಂದಳು. ನಾನು ಹೊರಟೆ. ಅಳಿಯನ ಎದುರಿಗೆ ಹೆದರಿಕೆ ತೋರಿಸಿಕೊಳ್ಳುವ ಮಾವ ಇನ್ನೂ ಹುಟ್ಟಬೇಕಷ್ಟೆ.

ದೋಣಿ ಹೊರಟು ಒಂದು ಗಂಟೆ ಕಳೆದರೂ ಹಿಂದೆ 123 ಅಡಿಯ ಶಿವನೂ ಅವನ ಮುಂದಿನ ಗೋಪುರವೂ ಕಾಣುತ್ತಲೇ ಇದ್ದವು. ದೋಣಿಯ ತಾಂಡೇಲ ನನ್ನ ವಯಸ್ಸಿನವನು. ನಾನು ಹೊನ್ನಾವರದ ಬ್ಯಾಂಕಿನಲ್ಲಿದ್ದವನೆಂದು ತಿಳಿದ ಮೇಲೆ ಅವನ ಮಾತು ಬೆಳೆಯಿತು. ನಡುಗಡ್ಡೆ ಹತ್ತಿರವಾದಂತೆ ಮೊದಲು ಕಡಿದಾದ ಬಂಡೆ, ಮೇಲೆ ಹಸಿರು, ಅದರ ಮೇಲೆ ರೆಕ್ಕೆ ಅಲುಗಿಸದೆ ತೇಲುವ ಬಿಳಿಹೊಟ್ಟೆಯ ಕಡಲ ಹದ್ದು ಕಂಡವು.

ನೀರೊಳಗೆ ಇಳಿದಾಗ ಮೊದಲು ಕೇಳಿಸಿದ್ದು ನನ್ನದೇ ಉಸಿರು. ಆಸ್ಪತ್ರೆಯ ಕೋಣೆಯಲ್ಲಿ ಬೇರೆ ಯಾರದೋ ಉಸಿರನ್ನು ಕೇಳುತ್ತ ಕುಳಿತಂತೆ ಭಾಸವಾಯಿತು. ನನ್ನನ್ನು ಹಿಡಿದಿದ್ದ ತರುಣ ಹವಳ ತೋರಿಸಿದ, ಹವಳದ ಸಂದಿನ ಬಣ್ಣಬಣ್ಣದ ಮೀನು ತೋರಿಸಿದ. ನಾನು ಶಾಲೆಯ ಹುಡುಗನಂತೆ ತಲೆಯಾಡಿಸುತ್ತ ಹೋದೆ. ಆಮೇಲೆ ಅವನು ದಿಬ್ಬದ ಅಂಚಿಗೆ ಕರೆತಂದು, ಆಳದ ಕಡೆಗೆ ಬೆರಳು ಮಾಡಿದ. ಅಲ್ಲಿ ಏನೂ ಇರಲಿಲ್ಲ. ನೀಲಿ ಮಾತ್ರವಿತ್ತು. ನೋಡುತ್ತಿದ್ದಂತೆಯೇ ಆ ನೀಲಿಯ ಒಂದು ಭಾಗ ತಿರುಗಿತು.

ಇದನ್ನು ಬೇರೆ ರೀತಿಯಲ್ಲಿ ಹೇಳಲು ನನಗೆ ಬಾರದು. ನೂರಾರು ಮೀನುಗಳು, ಒಂದೊಂದೂ ತೋಳಿನಷ್ಟು ಉದ್ದ, ಒಂದರ ಪಕ್ಕದಲ್ಲಿ ಒಂದು, ಒಂದೇ ದಿಕ್ಕಿಗೆ ಮುಖಮಾಡಿ ನಿಧಾನವಾಗಿ ಸುತ್ತುತ್ತಿದ್ದವು. ಅವು ನಮಗೆ ಎದುರಾಗಿದ್ದಾಗ ಕಾಣುತ್ತಿರಲಿಲ್ಲ. ಮಗ್ಗುಲಾದೊಡನೆ ನೂರಾರು ಬೆಳ್ಳಿಯ ತಟ್ಟೆಗಳನ್ನು ಒಟ್ಟಿಗೆ ಬೆಳಕಿಗೆ ಹಿಡಿದಂತಾಗುತ್ತಿತ್ತು. ಮೀನಿನ ಬೆಳ್ಳಿ ಬಣ್ಣವಲ್ಲ, ಅದರ ಚರ್ಮದಲ್ಲಿ ಪದರಪದರವಾಗಿ ಕೂಡಿದ ಹರಳುಗಳು ಹಿಡಿದ ಕನ್ನಡಿ ಎಂದು ಆಮೇಲೆ ಓದಿದೆ. ಅಂದು ಏನೂ ಓದಿರಲಿಲ್ಲ. ಆ ಹಿಂಡು ಸುತ್ತುತ್ತ ಸುತ್ತುತ್ತ ನಮ್ಮನ್ನೇ ನಡುವೆ ಹಾಕಿಕೊಂಡಿತು. ಎತ್ತ ನೋಡಿದರೂ ದೊಡ್ಡ ದೊಡ್ಡ ಕಣ್ಣು. ಯಾವುದೂ ಅವಸರಪಡಲಿಲ್ಲ, ಯಾವುದೂ ಇನ್ನೊಂದಕ್ಕೆ ತಗುಲಲಿಲ್ಲ. ಮೂವತ್ತೈದು ವರ್ಷ ಕೌಂಟರಿನ ಮುಂದೆ ಜನದ ಗುಂಪನ್ನು ನೋಡಿದವನು ನಾನು. ಹೀಗೂ ಗುಂಪು ಇರಬಹುದೆಂದು ನನಗೆ ತಿಳಿದಿರಲಿಲ್ಲ.

ಮೇಲೆ ಬಂದು ಕೊಳವೆ ತೆಗೆದೊಡನೆ ನಾನು ಕೇಳಿದ್ದು, "ಅದು ಯಾವ ಮೀನು?" ತಾಂಡೇಲ ಇಣುಕಿಯೂ ನೋಡದೆ, "ಕೊಕ್ಕರ, ರಾಯ್ರೇ" ಎಂದ. ಎಂಥ ಕೊಕ್ಕರ ಎಂದರೆ, "ಕೊಕ್ಕರ ಅಂದ್ರೆ ಕೊಕ್ಕರ" ಎಂದ. ಅಡುಗೆಯವರಿಗೆ ಅಷ್ಟು ಸಾಕು. ಕುಟುಂಬದ ಹೆಸರು ತಿಳಿದರೆ ಮಸಾಲೆ ಗೊತ್ತಾಗುತ್ತದೆ. ನನಗೆ ಸಾಲಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ನನ್ನ ಹುಡುಕಾಟ ಶುರುವಾಯಿತು. ನನ್ನ ಬಳಿ ಇದ್ದ ಆಧಾರವೆಂದರೆ ಆ ತರುಣ ನೀರೊಳಗೆ ತೆಗೆದ ನಾಲ್ಕು ಪಟ. ಮೂರರಲ್ಲಿ ನಾನೇ ಎದುರಿಗೆ ಕಪ್ಪೆಯ ಹಾಗೆ ಕೈಕಾಲು ಚಾಚಿಕೊಂಡಿದ್ದೆ. ಮಗಳು ಕಂಪ್ಯೂಟರಿನಲ್ಲಿ ಹುಡುಕಿಕೊಟ್ಟ ಚಿತ್ರಗಳನ್ನು ನೋಡಿ ನಾನು ಎರಡೇ ದಿನದಲ್ಲಿ ತೀರ್ಮಾನಕ್ಕೆ ಬಂದೆ: ಇದು ಜಯಂಟ್ ಟ್ರೆವಲಿ, ಅಂದರೆ ದೈತ್ಯ ಕೊಕ್ಕರ. ಕೊಕ್ಕರದ ವಂಶದಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು, 80 ಕಿಲೋ ತೂಗುವವರೆಗೆ ಬೆಳೆಯಬಲ್ಲದು. ಸೇಶೆಲ್ಸ್ ದ್ವೀಪಗಳ ಬಳಿ ನೀರಿನಿಂದ ಹಾರಿ ಕಡಲಹಕ್ಕಿಯನ್ನು ನುಂಗುವುದನ್ನು 2017ರಲ್ಲಿ ಬಿಬಿಸಿಯವರು ಚಿತ್ರೀಕರಿಸಿ ಲೋಕಕ್ಕೆಲ್ಲ ತೋರಿಸಿದ್ದರು. ಇಂಥ ಮೀನನ್ನು ನೋಡಿ ಬಂದೆನೆಂದು ಹೇಳಿಕೊಳ್ಳುವುದರಲ್ಲಿ ಸುಖವಿತ್ತು. ಹೇಳಿಕೊಂಡೆ. ನೆಂಟರಿಷ್ಟರಲ್ಲಿ ಕೇಳದವರು ಉಳಿಯಲಿಲ್ಲ.

ನಮ್ಮ ಬಡಾವಣೆಯ ಉದ್ಯಾನದಲ್ಲಿ ಬೆಳಗಿನ ತಿರುಗಾಟಕ್ಕೆ ಬರುವ ಒಬ್ಬ ಮೇಷ್ಟ್ರಿದ್ದಾರೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸಿ ನಿವೃತ್ತರಾದವರು. ಅವರಿಗೂ ಹೇಳಿದೆ. ಅವರು ಮೆಚ್ಚುತ್ತಾರೆಂದು ಕಾದೆ. ಅವರು, "ಎದೆ ನೋಡಿದಿರಾ?" ಎಂದರು.

"ಯಾರ ಎದೆ?"

"ಮೀನಿನದು, ಸ್ವಾಮಿ. ಎದೆಯ ಮೇಲೆ ಹುರುಪೆ ಇತ್ತೇ, ಬೋಳಾಗಿತ್ತೇ?"

ಆ ಬೆಳಗ್ಗೆ ನನ್ನ ದೈತ್ಯ ಕೊಕ್ಕರದ ಆಯುಷ್ಯ ಮುಗಿಯಿತು. ಮೇಷ್ಟ್ರು ನನ್ನ ಪಟವನ್ನು ಮನೆಗೆ ಒಯ್ದು ಭೂತಗನ್ನಡಿ ಹಿಡಿದು ನೋಡಿದರು. ನಾಲ್ಕು ದಿನ ಪಾಠ ನಡೆಯಿತು. ದೈತ್ಯ ಕೊಕ್ಕರದ ಹಣೆ ಕಡಿದಾದ ಬಂಡೆಯಂತೆ ಇಳಿಯುತ್ತದೆ, ಇದರದು ಇಳಿಜಾರು. ಅದರ ಎದೆಯ ಅಡಿಭಾಗ ಹುರುಪೆಯಿಲ್ಲದ ಬೋಳು, ನಡುವೆ ಒಂದು ಸಣ್ಣ ತೇಪೆ ಮಾತ್ರ. ಇದರ ಎದೆಯೆಲ್ಲ ಹುರುಪೆ. ಇದರ ಕಿವಿರಿನ ಮುಚ್ಚಳದ ಮೇಲ್ತುದಿಯಲ್ಲಿ ಕಣ್ಣಿನ ಪಾಪೆಗಿಂತ ಚಿಕ್ಕದಾದ ಒಂದು ಕಪ್ಪು ಚುಕ್ಕೆ ಇದೆ, ದೃಷ್ಟಿ ತಾಗದಿರಲೆಂದು ಮಗುವಿಗೆ ಇಟ್ಟ ಕಾಡಿಗೆಯ ಬೊಟ್ಟಿನ ಹಾಗೆ. ಎರಡನೆಯ ಬೆನ್ನುರೆಕ್ಕೆಯ ತುದಿಗೆ ಸುಣ್ಣ ಹಚ್ಚಿದಂತೆ ಬಿಳಿ. ಬಾಲದ ಕಡೆಗೆ ಮೈಯ ನಡುವಿನಲ್ಲಿ ಸಾಲಾಗಿ ಕುಳಿತ ಗಟ್ಟಿ ಮುಳ್ಳುಹುರುಪೆಗಳು ಬೆಳ್ಳಿಯ ಮೈಮೇಲೆ ಕಪ್ಪು ಗೆರೆಯಾಗಿ ಎದ್ದು ಕಾಣುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ ಆ ಕಣ್ಣು.

"ಇದು ಬಿಗ್ ಐ ಟ್ರೆವಲಿ. ದೊಡ್ಡಗಣ್ಣಿನ ಕೊಕ್ಕರ" ಎಂದು ಮೇಷ್ಟ್ರು ತೀರ್ಪು ಕೊಟ್ಟರು. "18 ಕಿಲೋ ತೂಗಿದರೆ ಅದರ ಪರಮಾವಧಿ." ನನ್ನ ಮುಖ ಸಪ್ಪಗಾದುದನ್ನು ನೋಡಿ, ನೀರೊಳಗೆ ಗಾಜಿನ ಮುಖವಾಡದ ಮೂಲಕ ನೋಡಿದಾಗ ಯಾವ ವಸ್ತುವಾದರೂ ಇದ್ದುದಕ್ಕಿಂತ ಮೂರನೆಯ ಒಂದು ಪಾಲು ದೊಡ್ಡದಾಗಿ ಕಾಣುತ್ತದೆಂದು ಸಮಾಧಾನವನ್ನೂ ಹೇಳಿದರು. ನೆಂಟರಿಗೆ ನಾನು ಹೇಳಿದ್ದು ಅದಕ್ಕಿಂತಲೂ ದೊಡ್ಡದಾಗಿತ್ತೆಂಬುದನ್ನು ಅವರಿಗೆ ತಿಳಿಸಲಿಲ್ಲ.

ಹೆಸರಿನ ವಿಷಯದಲ್ಲಿ ಒಂದು ಮಾತು. ಪಂಡಿತರು ಇದನ್ನು ಕ್ಯಾರಂಕ್ಸ್ ಸೆಕ್ಸ್‌ಫ್ಯಾಸಿಯೇಟಸ್ ಎನ್ನುತ್ತಾರೆ. ಮೊದಲು ಕೇಳಿದಾಗ ಮೊಮ್ಮಕ್ಕಳ ಮುಂದೆ ಹೇಳಬಹುದೋ ಇಲ್ಲವೋ ಎಂದು ಅಳುಕಿದೆ. ಮೇಷ್ಟ್ರು ನಕ್ಕು, ಲ್ಯಾಟಿನ್ನಿನ ಆ 'ಸೆಕ್ಸ್' ನಮ್ಮ ಸಂಸ್ಕೃತದ 'ಷಟ್'ಗೆ ಅಣ್ಣತಮ್ಮನಾಗಬೇಕು, ಹೆಸರಿನ ಅರ್ಥ ಆರು ಪಟ್ಟೆಯದು ಎಂದು, ಅಷ್ಟೆ ಎಂದರು. ಕ್ವಾ ಮತ್ತು ಗೇಮಾರ್ ಎಂಬ ಇಬ್ಬರು ಫ್ರೆಂಚ್ ನೌಕಾವೈದ್ಯರು 1825ರಲ್ಲಿ ಇಟ್ಟ ಹೆಸರದು. ಅವರು ಭೂಮಿಯನ್ನು ಸುತ್ತಲು ಹೊರಟಿದ್ದ ಯುರಾನಿ ಎಂಬ ಹಡಗು 1820ರಲ್ಲಿ ಫಾಕ್‌ಲೆಂಡ್ ದ್ವೀಪಗಳ ಬಳಿ ಬಂಡೆಗೆ ಬಡಿದು ಹಾಳಾಯಿತು. ಹೆಸರು ಮಾತ್ರ ದಡ ಸೇರಿತು. ದೈತ್ಯ ಕೊಕ್ಕರದ ಹೆಸರೂ ಹೀಗೆಯೇ ಸಾವನ್ನು ದಾಟಿ ಬಂದದ್ದು. ಅದಕ್ಕೆ ಹೆಸರಿಟ್ಟ ಫೋರ್ಸ್ಕಾಲ್ 1763ರಲ್ಲಿ ಯೆಮನ್ನಿನಲ್ಲಿ ಮಲೇರಿಯದಿಂದ ತೀರಿಕೊಂಡ. ಆ ಪ್ರವಾಸದಲ್ಲಿ ಬದುಕುಳಿದ ಒಬ್ಬನೇ ಒಬ್ಬ, ನೀಬೂರ್, ಸ್ನೇಹಿತನ ಟಿಪ್ಪಣಿಗಳನ್ನು ಕಾಪಾಡಿ 1775ರಲ್ಲಿ ಅಚ್ಚು ಹಾಕಿಸಿದ. ಅಷ್ಟು ದೊಡ್ಡ ಮೀನಿಗೆ ಅವನು ಇಟ್ಟ ಹೆಸರಿನ ಅರ್ಥ 'ಕುಲೀನವಲ್ಲದ್ದು' ಎಂದು!

"ಆರು ಪಟ್ಟೆ ಎಲ್ಲಿದೆ? ನಾನು ಒಂದನ್ನೂ ನೋಡಲಿಲ್ಲ" ಎಂದೆ.

"ದೊಡ್ಡದಕ್ಕೆ ಇರುವುದಿಲ್ಲ. ಪಟ್ಟೆ ಇರುವುದು ಮರಿಗೆ. ಮರಿಗಳು ಅಳಿವೆಯಲ್ಲಿ, ಹೊಳೆಯ ಬಾಯಲ್ಲಿ ಬೆಳೆಯುತ್ತವೆ, ಒಮ್ಮೊಮ್ಮೆ ಸಿಹಿನೀರಿಗೂ ಏರುತ್ತವೆ. ದೊಡ್ಡವಾದ ಮೇಲೆ ಪಟ್ಟೆ ಅಳಿಸಿ, ಕಡಲಿಗೆ ಹೋಗಿ ಹವಳದ ದಿಬ್ಬ ಸೇರುತ್ತವೆ."

ನಾನು ಬೆಂಚಿನ ಮೇಲೆ ಸುಮ್ಮನೆ ಕುಳಿತುಬಿಟ್ಟೆ. ಶರಾವತಿಯ ದಡದ ಹುಡುಗರು, ಗಾಳದ ತುದಿಯಲ್ಲಿ ಒದ್ದಾಡುತ್ತಿದ್ದ ಪಟ್ಟೆಮರಿ ಕಣ್ಣಮುಂದೆ ಬಂದವು. ಅದೇ ಮೀನೇ ಆಗಿತ್ತೆಂದು ಆಣೆ ಮಾಡಲಾರೆ, ಕೊಕ್ಕರದ ವಂಶದಲ್ಲಿ ಪಟ್ಟೆಯ ಮರಿಗಳು ಇನ್ನೂ ಇವೆ. ಆದರೂ ಮೂವತ್ತು ವರ್ಷ ಹಿಂದೆ ನಾನು ಪಕ್ಕದಲ್ಲಿ ಕುಳಿತು ನೋಡಿದ್ದ ಬಾಲಕರ ವಂಶದವರೇ ದೊಡ್ಡವರಾಗಿ ನೇತ್ರಾಣಿಯಲ್ಲಿ ನನ್ನನ್ನು ಸುತ್ತುವರಿದರೆಂದು ನಂಬಲು ಹಿತವಾಗಿತ್ತು. ನಂಬಿದೆ.

ಗುರುತು ಸಿಕ್ಕ ಮೇಲೆ ಅದರ ಸ್ವಭಾವ ತಿಳಿಯುವ ಹುಚ್ಚು ಹಿಡಿಯಿತು. ಈ ಮೀನು ಬೇಟೆಗಾರ. ಚಿಕ್ಕ ಮೀನು, ಸಿಗಡಿಗಳು ಅದರ ಆಹಾರ. ಆದರೆ ಬೇಟೆ ರಾತ್ರಿ. ಹಗಲೆಲ್ಲ ನಾನು ಕಂಡಂತೆ ದಿಬ್ಬದ ಅಂಚಿನಲ್ಲಿ ಹಿಂಡುಗಟ್ಟಿ, ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಸುತ್ತುತ್ತ ಇರುತ್ತದೆ. ಒಂದೊಂದು ಹಿಂಡಿನಲ್ಲಿ ಸಾವಿರಕ್ಕೂ ಮೇಲೆ ಇರುವುದುಂಟು. ಅದು ಅದರ ವಿಶ್ರಾಂತಿ. ಕತ್ತಲಾಗುತ್ತಲೇ ಹಿಂಡು ಕರಗುತ್ತದೆ, ಒಂದೊಂದಾಗಿ, ಸಣ್ಣ ಸಣ್ಣ ಗುಂಪಾಗಿ ಚದುರಿ ಬೇಟೆಗೆ ಹೋಗುತ್ತದೆ. ಆ ದೊಡ್ಡ ಕಣ್ಣು ಇರುವುದು ಕತ್ತಲಿಗಾಗಿ. ಬೆಳಗಾದರೆ ಮತ್ತೆ ಅದೇ ಜಾಗ, ಅದೇ ಹಿಂಡು. ಕಚೇರಿಗೆ ಹೋಗಿಬರುವವರಿಗಿಂತ ಕ್ರಮಬದ್ಧ, ಹೊತ್ತು ಮಾತ್ರ ತಿರುಗುಮುರುಗು.

ಬೇಟೆಗಾರ ಹಿಂಡು ಕಟ್ಟುವುದೇಕೆ ಎಂಬುದು ನನ್ನನ್ನು ಬಹಳ ಕಾಡಿತು. ಹೆದರುವ ಪ್ರಾಣಿ ಗುಂಪಾಗುವುದು ಸಹಜ, ಹೆದರಿಸುವುದೂ ಏಕೆ? ಮೇಷ್ಟ್ರು ಹೇಳಿದ್ದು, ಬೇಟೆಗಾರನಿಗೂ ಬೇಟೆಗಾರನುಂಟು. ತೊರಕೆಗಿಂತ ದೊಡ್ಡದಾದ ತಾಟೆ, ಅಂದರೆ ಶಾರ್ಕು, ಬಂದಾಗ ನೂರಾರು ಹೊಳಪುಗಳ ನಡುವೆ ಯಾವುದನ್ನು ಹಿಡಿಯಬೇಕೆಂದು ಅದಕ್ಕೆ ಕಣ್ಣು ಕಟ್ಟುತ್ತದೆ. ಇನ್ನೊಂದು ಮಗ್ಗುಲೂ ಇದೆ. ಪೀಟರ್ ಮೇಜರ್ ಎಂಬ ವಿಜ್ಞಾನಿ ದೈತ್ಯ ಕೊಕ್ಕರವು ಹವಾಯಿಯ ಸಣ್ಣ ಮೀನುಗಳನ್ನು ಬೇಟೆಯಾಡುವ ರೀತಿಯನ್ನು ಪರೀಕ್ಷಿಸಿ 1978ರಲ್ಲಿ ಪ್ರಕಟಿಸಿದರು. ಸಣ್ಣ ಮೀನುಗಳ ಹಿಂಡಿನ ಮೇಲೆ ಒಂಟಿಯಾಗಿ ಎರಗಿದ್ದಕ್ಕಿಂತ ಗುಂಪಾಗಿ ಎರಗಿದವಕ್ಕೆ ಹೆಚ್ಚು ದಕ್ಕಿತು. ಗುಂಪು ನುಗ್ಗಿ ಹಿಂಡನ್ನು ಒಡೆಯುತ್ತದೆ; ಒಡೆದು ಒಂಟಿಯಾದದ್ದು ಬಾಯಿಗೆ ಬೀಳುತ್ತದೆ. ಅದರಲ್ಲಿಯೂ ಮುಂದಾಳಿಗೆ ಸಿಂಹಪಾಲು. ಇಷ್ಟು ತಿಳಿಯಲು ಹವಾಯಿಗೆ ಹೋಗಬೇಕಾಗಿತ್ತೇ ಎಂದು ಮನೆಯಾಕೆಯ ಪ್ರಶ್ನೆ.

ಅವು ಒಂದಕ್ಕೊಂದು ತಗುಲದೆ ಹೇಗೆ ತಿರುಗುತ್ತವೆಂಬುದಕ್ಕೂ ಉತ್ತರ ಸಿಕ್ಕಿತು. ಮೀನಿನ ಮಗ್ಗುಲಿನ ಉದ್ದಕ್ಕೂ ಒಂದು ಪಾರ್ಶ್ವರೇಖೆಯಿದೆ. ಪಕ್ಕದ ಮೀನು ಅಲುಗಿದರೆ ನೀರಿನಲ್ಲಿ ಏಳುವ ಸಣ್ಣ ಒತ್ತಡವೂ ಆ ರೇಖೆಗೆ ತಿಳಿಯುತ್ತದೆ. ಪಿಚರ್, ಪಾರ್ಟ್ರಿಜ್, ವಾರ್ಡ್ಲ್ ಎಂಬ ಮೂವರು 1976ರಲ್ಲಿ ಸೈತ್ ಎಂಬ ಜಾತಿಯ ಮೀನುಗಳ ಕಣ್ಣಿಗೆ ಮುಚ್ಚಳ ಹಾಕಿ ನೋಡಿದರು. ಕುರುಡಾದ ಮೀನು 25 ಮೀನುಗಳ ಹಿಂಡಿನೊಳಗೆ ಸೇರಿಕೊಂಡು, ಸ್ಥಾನ ತಪ್ಪದೆ ಈಜಿತು. ಪಾರ್ಶ್ವರೇಖೆಯ ನರವನ್ನೂ ಕತ್ತರಿಸಿದ ಮೇಲೆಯೇ ಅದಕ್ಕೆ ಹಿಂಡು ತಪ್ಪಿದ್ದು. ಪಕ್ಕದವನ ಅಲುಗಾಟ ಮಗ್ಗುಲಿಗೆ ತಿಳಿಯುವುದೆಂದರೇನೆಂದು ಆ ರಾತ್ರಿ ಬಹಳ ಹೊತ್ತು ಯೋಚಿಸುತ್ತಿದ್ದೆ.

2019ರ ಡಿಸೆಂಬರಿನಲ್ಲಿ ಹಠ ಹಿಡಿದು ಮತ್ತೆ ಹೋದೆ. ಈ ಸಲ ಯಾರೂ ಕರೆಯಲಿಲ್ಲ, ನಾನೇ ಅಳಿಯಂದಿರನ್ನು ಎಬ್ಬಿಸಿಕೊಂಡು ಹೋದೆ. ಹಿಂಡು ಇತ್ತು, ಅದೇ ಅಂಚಿನಲ್ಲಿ. ಈಗ ನನಗೆ ಅದು ಬರಿಯ ಬೆಳ್ಳಿಯ ಗೋಡೆಯಾಗಿರಲಿಲ್ಲ. ಬಿಳಿ ತುದಿ ಕಂಡೆ, ಕಪ್ಪು ಚುಕ್ಕೆ ಕಂಡೆ. ಹಿಂಡಿನ ಹೊರಗೆ ಒಂದು ಜೋಡಿ ಈಜುತ್ತಿತ್ತು. ಮೇಲಿನದು ಬೆಳ್ಳಿ, ಅದರ ಹೊಟ್ಟೆಯ ಕೆಳಗೆ, ಅದರ ನೆರಳೇ ಮೈತಳೆದಂತೆ, ಇನ್ನೊಂದು ಹೆಚ್ಚುಕಡಿಮೆ ಕಪ್ಪು. ಮೇಲಿನದು ತಿರುಗಿದರೆ ಕೆಳಗಿನದೂ ತಿರುಗುತ್ತಿತ್ತು. ಗಂಡು ಕೂಡುವ ಕಾಲದಲ್ಲಿ ಹೀಗೆ ಕಪ್ಪಾಗಿ ಹೆಣ್ಣಿನ ನೆರಳಾಗುತ್ತದೆಂದು ಓದಿದ್ದೆನಾದ್ದರಿಂದ ಗುರುತು ಹಿಡಿದೆ. ಓದಿರದಿದ್ದರೆ ಎರಡು ಬೇರೆ ಜಾತಿ ಎನ್ನುತ್ತಿದ್ದೆ. ಮೇಲೆ ಬಂದು ತಾಂಡೇಲನಿಗೆ ಹೇಳಿದರೆ ಅವನು, "ನಲ್ವತ್ತು ವರ್ಷ ಹಿಡ್ದೆ, ಇದು ನಂಗೆ ಗೊತ್ತಿಲ್ಲ ಆಗಿತ್ತು" ಎಂದ. ಅವನ ಬಾಯಲ್ಲಿ ಆ ಮಾತು ಕೇಳಿ ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ಮುಂದೆ ನಡೆದುದಕ್ಕೆ ಆ ಹೆಮ್ಮೆಯೇ ಬೀಜವೆಂದು ಕಾಣುತ್ತದೆ.

2020ರ ಫೆಬ್ರವರಿಯಲ್ಲಿ ಕುಂದಾಪುರದ ಕಡೆ ನನ್ನ ಹಳೆಯ ಸಹೋದ್ಯೋಗಿಯ ಮಗಳ ಮದುವೆ. ಊಟದ ಮೇಲೆ ಚಪ್ಪರದ ಕೆಳಗೆ ಎಲೆಅಡಿಕೆಯ ತಟ್ಟೆ ನಡುವೆಯಿಟ್ಟುಕೊಂಡು ಐದಾರು ಮಂದಿ ಕುಳಿತಿದ್ದೆವು. ಅವರಲ್ಲಿ ಒಬ್ಬರು ಮೀನುಗಾರಿಕೆಯ ಪರ್ಸೀನ್ ಬೋಟುಗಳ ಯಜಮಾನರು. ಬಹಳ ಸಜ್ಜನರು, ಮಾತಿನಲ್ಲಿ ವಿನಯ. ನಾನು ಮೀನಿನ ವಿಷಯ ತೆಗೆದೆ. ಸಸ್ಯಾಹಾರಿಯೊಬ್ಬ ಕೊಕ್ಕರದ ಎದೆಯ ಹುರುಪೆಯ ಬಗ್ಗೆ ಉಪನ್ಯಾಸ ಕೊಡುವುದನ್ನು ಅವರು ಬೆರಗಿನಿಂದ ಕೇಳಿದರು. ನಡುವೆ ಒಂದು ಮಾತು ಹೇಳಿದರು. ಅಲ್ಲಿ ಕೊಕ್ಕರ ಇದೆಯೆಂದು ಅವರಿಗೆ ಗೊತ್ತು; ಆದರೆ ರಾತ್ರಿ ಹೋದರೆ ಒಂದಿಲ್ಲಿ ಒಂದಲ್ಲಿ, ಬಂಡೆಗೆ ಹತ್ತಿರ ಬಲೆ ಬಿಟ್ಟರೆ ಹರಿಯುತ್ತದೆ, ಗಿಟ್ಟುವುದಿಲ್ಲ ಎಂದು.

"ರಾತ್ರಿ ಹೇಗೆ ಸಿಕ್ಕೀತು?" ಎಂದೆ ನಾನು. "ರಾತ್ರಿ ಅವು ಚದುರುತ್ತವೆ. ಹಗಲು ನೋಡಬೇಕು. ಹಗಲು ಎಲ್ಲವೂ ಒಂದೇ ಕಡೆ."

ಅವರು ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. ಯಾವ ಮಗ್ಗುಲು ಎಂದು ಕೇಳಿದರು. ಹೇಳಿದೆ. ಬಂಡೆಯಿಂದ ಎಷ್ಟು ದೂರ, ಎಷ್ಟು ಆಳ ಎಂದು ಕೇಳಿದರು. ಬಂಡೆ ಮುಗಿದು ಮರಳು ಶುರುವಾಗುವಲ್ಲಿ, ಏಳೆಂಟು ಮೀಟರು ಎಂದೆ. ಮದುವೆಯ ಕರೆಯೋಲೆಯನ್ನು ತಿರುಗಿಸಿ, ಅದರ ಬೆನ್ನಿಗೆ ನಡುಗಡ್ಡೆಯ ನಕ್ಷೆ ಬರೆದು, ಹಿಂಡು ನಿಲ್ಲುವ ಜಾಗಕ್ಕೆ ಒಂದು ಸೊನ್ನೆ ಸುತ್ತಿದೆ. ಬ್ಯಾಂಕಿನಲ್ಲಿ ಗಿರಾಕಿಯ ಖಾತೆಯ ವಿಷಯ ಇನ್ನೊಬ್ಬನಿಗೆ ಹೇಳಬಾರದೆಂಬುದು ನಾವು ಕಲಿಯುವ ಮೊದಲ ಪಾಠ. ಮೂವತ್ತೈದು ವರ್ಷ ಅದನ್ನು ಪಾಲಿಸಿದವನು ನಾನು.

ಮಾರ್ಚಿಯಲ್ಲಿ ಕೊರೋನ ಬಂತು. ಪ್ರವಾಸದ ದೋಣಿಗಳು ನಿಂತವು. ನಾವೆಲ್ಲ ಮನೆಯೊಳಗೆ ಒಬ್ಬರಿಂದೊಬ್ಬರು ದೂರ ಕುಳಿತುಕೊಳ್ಳುವುದನ್ನು ಕಲಿತೆವು. ಮತ್ತೆ ನಾನು ನೇತ್ರಾಣಿಗೆ ಹೋದದ್ದು 2021ರ ಡಿಸೆಂಬರಿನಲ್ಲಿ. ಅಂಚಿಗೆ ಹೋಗಿ ನೀಲಿಯ ಕಡೆ ನೋಡುತ್ತ ನಿಂತೆ. ಅದು ತಿರುಗಲಿಲ್ಲ. ಹಿಡಿದಿದ್ದ ಹುಡುಗ ಕೈಯಲ್ಲಿ ಇಲ್ಲವೆಂದು ಸನ್ನೆ ಮಾಡಿದ. ಇನ್ನೊಂದು ಮಗ್ಗುಲಿಗೂ ಕರೆದೊಯ್ದ. ಹವಳವಿತ್ತು, ಬಣ್ಣದ ಮೀನಿದ್ದವು, ಎಲ್ಲ ಇದ್ದವು.

ತಾಂಡೇಲ ಲಂಗರು ಎತ್ತುತ್ತ ಹೇಳಿದ: "ಹೋದ ವರ್ಷ ಮಳೆ ಮುಗೀತಲ್ಲ, ನಮ್ ದೋಣಿ ಇನ್ನೂ ಶುರು ಆಗಿರ್ಲಿಲ್ಲ. ಹಗಲಲ್ಲೇ ಬಂದಿದ್ರಂತೆ. ಒಂದೇ ಬಲೆ."

ಬೆಂಗಳೂರಿಗೆ ಬಂದು ಎಂಟು ದಿನ ಸುಮ್ಮನಿದ್ದೆ. ನನಗೆ ನಾನೇ ವಕೀಲನಾಗಿ ಎಷ್ಟೋ ವಾದ ಹೂಡಿದೆ. ಹಿಂಡು ತಾನಾಗಿ ಜಾಗ ಬಿಟ್ಟಿರಬಹುದು. ನೀರು ಬಿಸಿಯಾಗಿರಬಹುದು. ಬೋಟಿನವರಿಗೆ ಮೀನು ಹುಡುಕುವ ಯಂತ್ರವಿದೆ, ನನ್ನ ನಕ್ಷೆ ಯಾರಿಗೆ ಬೇಕು? ಒಂಬತ್ತನೆಯ ದಿನ ಆ ಯಜಮಾನರಿಗೆ ಫೋನು ಮಾಡಿದೆ. ಅವರು ಧ್ವನಿಯಿಂದಲೇ ಗುರುತು ಹಿಡಿದು, ಮನೆಯವರೆಲ್ಲರ ಆರೋಗ್ಯ ವಿಚಾರಿಸಿದರು. ನಾನು ಕೇಳುವ ಮೊದಲೇ ಅವರೇ ಹೇಳಿದರು: "ನಿಮಗೆ ಒಂದು ಉಪಕಾರ ಹೇಳ್ಬೇಕಿತ್ತು ರಾಯರೇ. ಆ ವರ್ಷ ಎಲ್ಲರಿಗೂ ಕಷ್ಟ. ಬೋಟಿನ ಹುಡುಗರಿಗೆ ಸಂಬಳ ಕೊಡ್ಲಿಕ್ಕೂ ಆಗಿರ್ಲಿಲ್ಲ. ನೀವು ಕೊಟ್ಟ ಗುರುತು ಸರಿಯಾಗಿತ್ತು."

ಅವರ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಉಪಕಾರ ಸ್ಮರಿಸುತ್ತಿದ್ದರು. ಅವರ ಕಸುಬಿನಲ್ಲಿ ಅವರು ತಪ್ಪು ಮಾಡಿದರೆಂದು ನಾನು ಹೇಳಲಾರೆ. ಮೀನು ಹಿಡಿಯುವುದೇ ಅವರ ಕೆಲಸ, ಆ ಹಣದಿಂದ ಎಷ್ಟೋ ಮನೆಗಳಲ್ಲಿ ಒಲೆ ಉರಿದಿರಬೇಕು. "ಸಂತೋಷ" ಎಂದು ಹೇಳಿ ಫೋನು ಇಟ್ಟೆ. ನಮ್ಮ ಭಾಷೆಯಲ್ಲಿ ಗುರುತು ಹಿಡಿಯುವುದಕ್ಕೂ ಗುರುತು ಕೊಡುವುದಕ್ಕೂ ಮಾತು ಒಂದೇ ಎಂದು ಅರವತ್ತು ವರ್ಷ ನಾನು ಯೋಚಿಸಿರಲಿಲ್ಲ. ಪೊಲೀಸಿನವರಿಗೆ ಮೊದಲೇ ಗೊತ್ತಿರಬೇಕು.

ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಮರುದಿನ ಒಂದು ಲೇಖನದ ಪ್ರತಿ ತಂದುಕೊಟ್ಟರು. ಮೆಕ್ಸಿಕೋ ದೇಶದ ಕಾಬೊ ಪುಲ್ಮೊ ಎಂಬ ಊರಿನ ಹವಳದ ದಿಬ್ಬದಲ್ಲಿ ಮೀನು ಬರಿದಾಗುತ್ತ ಬಂದು, 1995ರಲ್ಲಿ ಅದನ್ನು ರಕ್ಷಿತ ಉದ್ಯಾನ ಮಾಡಿದರು. ಊರಿನ ಮೀನುಗಾರರೇ ಮುಂದೆ ನಿಂತು ಕಾದರು. 1999ರಿಂದ 2009ರವರೆಗಿನ ಹತ್ತು ವರ್ಷಗಳಲ್ಲಿ ಅಲ್ಲಿನ ಮೀನಿನ ಒಟ್ಟು ತೂಕ ಶೇಕಡ 463ರಷ್ಟು ಹೆಚ್ಚಿತು. ಇಂದು ಅಲ್ಲಿ ಜನ ನೋಡಲು ಹೋಗುವುದು ಇದೇ ದೊಡ್ಡಗಣ್ಣಿನ ಕೊಕ್ಕರದ ಹಿಂಡನ್ನು. ಅಂಕಿ ನನಗೆ ಇಷ್ಟವಾಯಿತು. ಅಂಕಿಯ ಜೊತೆಗೇ ಬದುಕಿದವನಲ್ಲವೇ. ಆದರೆ ಅಲ್ಲಿ ಕಾದವರು ಮೀನು ಹಿಡಿಯುತ್ತಿದ್ದವರು, ಇಲ್ಲಿ ಬಾಯಿಬಿಟ್ಟವನು ಮೀನು ತಿನ್ನದವನು ಎಂಬುದೂ ಹೊಳೆಯಿತು.

2024ರ ಡಿಸೆಂಬರಿನಲ್ಲಿ, ಇದೇ ಕೊನೆಯ ಸಲವೆಂದು ಮನೆಯಾಕೆಗೆ ಮಾತು ಕೊಟ್ಟು, ಹೋದೆ. ಡಾಕ್ಟರು ಮುಖ ಸಿಂಡರಿಸಿಕೊಂಡೇ ಸಹಿ ಹಾಕಿದ್ದರು. ಹಳೆಯ ಅಂಚಿನಲ್ಲಿ ಏನೂ ಇರಲಿಲ್ಲ. ಹುಡುಗ ನನ್ನನ್ನು ತಿರುಗಿಸಿ ಇನ್ನೊಂದೆಡೆ ಕರೆದೊಯ್ದ. ಅಲ್ಲಿ, ಬಂಡೆಯ ನೆರಳಿನಿಂದ ಆಚೆ, ಬೆಳ್ಳಿ ಮಿನುಗಿತು. ಎಣಿಸಿದೆ. ಮೂರು ಸಲ ಎಣಿಸಿದೆ. ಹನ್ನೊಂದು. ಮೊಣಕೈಯಷ್ಟೂ ಉದ್ದವಿಲ್ಲದ ಎಳೆಯವು. ಬೆನ್ನುರೆಕ್ಕೆಯ ತುದಿಗೆ ಬಿಳಿ ಇನ್ನೂ ಸರಿಯಾಗಿ ಏರಿರಲಿಲ್ಲ. ಮಗ್ಗುಲಾದಾಗ ಒಂದರ ಕಿವಿರಿನ ಮೇಲೆ ಆ ಕಾಡಿಗೆಯ ಬೊಟ್ಟು ಕಂಡಿತು. ಅವು ಸುತ್ತಲು ನೋಡುತ್ತಿದ್ದವು, ಹನ್ನೊಂದರಿಂದ ಸುತ್ತು ಪೂರ್ತಿಯಾಗುತ್ತಿರಲಿಲ್ಲ.

ದೋಣಿಗೆ ಹತ್ತಿ ಟವಲು ಹೊದ್ದು ಕುಳಿತೆ. ಬೇರೆ ಪ್ರವಾಸಿಗಳು ಆಮೆ ಕಂಡೆವು, ಅದು ಕಂಡೆವು ಎಂದು ಕೂಗಾಡುತ್ತಿದ್ದರು. ತಾಂಡೇಲ ನನ್ನ ಹತ್ತಿರ ಬಂದು ಕೇಳಿದ.

"ಎಂತಾದ್ರೂ ಕಂಡ್ತಾ ರಾಯ್ರೇ?"

"ಇಲ್ಲ ಮಾರಾಯ. ನೀರು ಕಲಕಿತ್ತು" ಎಂದೆ.

ಅವನು ದೋಣಿಯ ಅಂಚಿನಿಂದ ಬಗ್ಗಿ ನೋಡಿದ. ಲಂಗರಿನ ಹಗ್ಗ ತುದಿಯವರೆಗೂ, ಅದರ ಕೆಳಗಿನ ಮರಳಿನವರೆಗೂ, ನಿಚ್ಚಳವಾಗಿ ಕಾಣುತ್ತಿತ್ತು. ಸ್ವಲ್ಪ ಹೊತ್ತು ಹಾಗೆಯೇ ನೋಡುತ್ತಿದ್ದು, ನನ್ನ ಮುಖವನ್ನೂ ಒಮ್ಮೆ ನೋಡಿದ.

"ಹೌದು, ಕಲಕಿದೆ" ಎಂದು ಹೇಳಿ ಇಂಜಿನ್ ಶುರುಮಾಡಲು ಹೋದ.